ಮಳೆ ಬಂದರೆ ಬಿಸಿಯಾಗುವ ಕಾರು

ನಮ್ಮ ಕಾರಿಗೆ 22 ವರ್ಷ. ಏಪ್ರಿಲಿನ ಉರಿಬಿಸಿಲಲ್ಲಿ ನಮ್ಮ ಕಾಸರಗೋಡಿನ ಪೆರ್ಲದ ಕಡೆಯ ಏರು ಹತ್ತುವಾಗಲೂ ಅದರ ಟೆಂಪರೇಚರ್ ಮುಳ್ಳು ನಡುಮಧ್ಯದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿರುತ್ತಿತ್ತು. ಜೂನ್ ಬಂದು ನಾಲ್ಕು ಹನಿ ಬಿತ್ತೋ, ಎದ್ದು ಕೆಂಪುಗೆರೆಯ ಕಡೆ ಹೊರಡುತ್ತಿತ್ತು. ಬಿಸಿಲಿಗೆ ತಂಪು, ಮಳೆಗೆ ಬಿಸಿ!

ಮೊದಲು ಸಿಕ್ಕಿಬಿದ್ದದ್ದು ಬದಿಯಡ್ಕದಲ್ಲಿ ಮದುವೆ ಮುಗಿಸಿ ರಾತ್ರಿ ಮನೆಗೆ ಬರುವಾಗ. ಜಡಿಮಳೆ. ವೈಪರ್ ಪರಪರ ಅನ್ನುತ್ತಿತ್ತು. ಮುಳ್ಳು ನೋಡಿದರೆ ಮುಕ್ಕಾಲು ದಾಟಿದೆ. ಇಂಜಿನ್ ಕಾದರೆ ಹೀಟರ್ ಹಾಕಬೇಕು, ಅದು ಅಲ್ಲಿನ ಬಿಸಿಯನ್ನು ಎಳೆದು ಕಾರಿನೊಳಗೆ ಬಿಡುತ್ತದೆ ಅಂತ ಓದಿದ್ದೆ. ಸುಳ್ಳೇನಲ್ಲ. ಹೀಟರ್ ಹಾಕಿ ಫ್ಯಾನನ್ನು ಫುಲ್ ತಿರುಗಿಸಿದೆ. ಮಳೆಗೆ ಗಾಜು ಇಳಿಸುವ ಹಾಗಿಲ್ಲ. ರೇಷ್ಮೆ ಸೀರೆಯ ಹೆಂಡತಿ, ಹೋಳಿಗೆ ಜಾಸ್ತಿಯಾದ ಅಪ್ಪಚ್ಚಿ, ಮಗಳು, ನಾನು. ನಾಲ್ಕು ಜನ ಇಡ್ಲಿ ಅಟ್ಟದೊಳಗೆ ಕೂತ ಹಾಗೆ ಬೆವೆತೆವು. ಮುಳ್ಳು ಇಳಿಯಲಿಲ್ಲ. ಇನ್ನೂ ಒಂದು ಕೂದಲೆಳೆ ಮೇಲೇ ಹೋಯಿತು.

"ಜ್ವರ ಕಾರಿಂಗೋ ನಿನಗೋ?" ಅಂದರು ಅಪ್ಪಚ್ಚಿ ಹಿಂದಿನಿಂದ.

ನಿಲ್ಲಿಸಿ ಬಾನೆಟ್ ಎತ್ತಿದೆ. ಕೊಡೆ ಗಾಳಿಗೆ ಉಲ್ಟಾ ಆಯಿತು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬಾರದು, ಒಳಗಿನ ನೀರು ಮುಖಕ್ಕೇ ಚಿಮ್ಮುತ್ತದೆ ಅನ್ನುವಷ್ಟು ಬುದ್ಧಿ ಇತ್ತು. ಆದರೆ ಹಬೆ ಎಲ್ಲಿ? ವಾಸನೆ ಎಲ್ಲಿ? ಪಕ್ಕದ ಡಬ್ಬಿಯಲ್ಲಿ ಕೂಲೆಂಟ್ ಗೆರೆಯ ಮಟ್ಟಕ್ಕೇ ಇತ್ತು. ರೇಡಿಯೇಟರ್ ಮೇಲೆ ಬಿದ್ದ ಹನಿಗಳು ಚುಂಯ್ ಕೂಡ ಅನ್ನಲಿಲ್ಲ.

ಮರುದಿನ ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್, ಅಂದರೆ ಇಂಜಿನ್ ಕಾದಾಗ ರೇಡಿಯೇಟರಿಗೆ ನೀರು ಬಿಡುವ ಬಾಗಿಲು, ಬದಲಿಸಿದ. ವಾರ ಬಿಟ್ಟು ಬಿಸಿ ಅಳೆಯುವ ಸೆನ್ಸರ್ ಬದಲಿಸಿದ. ಎರಡು ಬಿಲ್ಲು, ಮುಳ್ಳು ಮಾತ್ರ ಹಾಗೇ. ಹಳೆ ಥರ್ಮೋಸ್ಟಾಟನ್ನು ಕೇಳಿ ತಂದಿದ್ದೆ. ಅದರ ಮೇಲೆ 82 ಅಂತ ಅಚ್ಚು, ಅಂದರೆ ಅಷ್ಟು ಡಿಗ್ರಿಗೆ ತೆರೆಯಬೇಕು. ಒಳಗೆ ಮೇಣ ಇರುತ್ತದೆ, ಬಿಸಿಗೆ ಹಿಗ್ಗಿ ಬಾಗಿಲು ತೆರೆಯುತ್ತದೆ. ಹೆಂಡತಿ ತೋಟಕ್ಕೆ ಹೋದ ಹೊತ್ತು ನೋಡಿ, ಸಾರಿನ ಪಾತ್ರೆಯಲ್ಲಿ ನೀರಿಟ್ಟು ನೂಲಲ್ಲಿ ಇಳಿಬಿಟ್ಟೆ. ನೀರು ಕುದಿಯುವ ಮೊದಲೇ ಆ ಪುಣ್ಯಾತ್ಮ ಮೆಲ್ಲಗೆ ಬಾಯಿ ಬಿಟ್ಟಿತು. ಒಲೆ ಆರಿಸಿದೆ, ಮುಚ್ಚಿತು. ಏನೂ ತಪ್ಪಿಲ್ಲದವನನ್ನು ಕೆಲಸದಿಂದ ತೆಗೆದಿದ್ದೆವು. ಅಷ್ಟರಲ್ಲಿ ಹೆಂಡತಿ ಬಂದಳು. ಆ ಪಾತ್ರೆಯಲ್ಲಿ ಈಗ ನಾಯಿಗೆ ಅನ್ನ.

ಗುಟ್ಟು ಹಿಡಿದದ್ದು ಮಗಳು. ಕುಂಬಳೆ ಪೇಟೆ, ಸಂಜೆ, ಹೆಡ್‌ಲೈಟ್ ಹಾಕಿದ್ದೆ. ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿ ಕಾಯುತ್ತಿದ್ದೆ. "ಅಪ್ಪಾ, ಮುಳ್ಳು ತಾಳ ಹಾಕ್ತಾ ಉಂಟು!" ನೋಡಿದರೆ ಹೌದು. ಇಂಡಿಕೇಟರ್ ಟಿಕ್ ಅಂದರೆ ಮುಳ್ಳು ತುಸು ಮೇಲೆ, ಟಕ್ ಅಂದರೆ ಕೆಳಗೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಲ್ಲಿ ಮುಳ್ಳಿಗೂ ತಾಳಜ್ಞಾನ ಬಂದದ್ದು ದೊಡ್ಡದಲ್ಲ ಬಿಡಿ. ಆದರೆ ಯಾವ ಇಂಜಿನ್ನೂ ಸೆಕೆಂಡಿಗೊಮ್ಮೆ ಕಾದು ತಣಿಯುವುದಿಲ್ಲ ಅಲ್ವಾ?

ಅಲ್ಲೇ ಹತ್ತಿರದ ಆಟೋ ಇಲೆಕ್ಟ್ರಿಷನ್ ಹತ್ತಿರ ಹೋದೆ. ಬಾಯಲ್ಲಿ ಎಲೆಯಡಿಕೆ, ಅರ್ಧ ಮಲಯಾಳ, ಅರ್ಧ ಕನ್ನಡ. ಕಥೆ ಪೂರ್ತಿ ಕೇಳುವ ತಾಳ್ಮೆಯೂ ಇರಲಿಲ್ಲ. ಒಂದು ದಪ್ಪ ವಯರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಬಾಡಿಯ ಕಬ್ಬಿಣಕ್ಕೆ ಒತ್ತಿ ಹಿಡಿದ. ಮುಳ್ಳು ಬೈಸಿಕೊಂಡ ಹುಡುಗನ ಹಾಗೆ ಸೀದಾ ನಡುವಿಗೆ ಬಂದು ಕೂತಿತು. ವಯರ್ ತೆಗೆದ, ಮೇಲೆ ಹೋಯಿತು. "ಎರ್ತ್ ಇಲ್ಲ," ಅಂದ. ಅಷ್ಟೇ.

ಲೈಟು, ವೈಪರಿಗೆ ಹೋದ ಕರೆಂಟು ಬ್ಯಾಟರಿಗೆ ವಾಪಸ್ ಬರುವುದು ಕಾರಿನ ಮೈಯ ಮೂಲಕ. ಆ ದಾರಿಯೇ ಎರ್ತ್. ಮೈಯಿಂದ ಇಂಜಿನ್ನಿಗೆ, ಅಲ್ಲಿಂದ ಬ್ಯಾಟರಿಗೆ ಹೋಗಲು ಜಡೆ ಹೆಣೆದಂಥ ಒಂದು ಪಟ್ಟಿ ಇದೆ. ನಮ್ಮದರಲ್ಲಿ ಅದರ ಬೋಲ್ಟು ಹಸಿರು ಕಿಲುಬು ಹಿಡಿದು ಪಾಚಿಗಟ್ಟಿದ ಮೆಟ್ಟಿಲಿನ ಹಾಗಾಗಿತ್ತು. ದಾರಿ ಇಕ್ಕಟ್ಟಾದಾಗ ಬಾಡಿಯ ವೋಲ್ಟೇಜು ಸ್ವಲ್ಪ ಏರುತ್ತದೆ. ಮೀಟರಿನ ಎರ್ತ್ ಬಾಡಿಯಲ್ಲಿ, ಸೆನ್ಸರಿನದ್ದು ಇಂಜಿನ್ನಿನಲ್ಲಿ. ಎರಡರ ನಡುವೆ ವ್ಯತ್ಯಾಸ ಬಂದರೆ ಸೆನ್ಸರಿನಲ್ಲಿ ಕರೆಂಟು ಜಾಸ್ತಿ ಹರಿಯುತ್ತದೆ. ಸೆನ್ಸರ್ ಕಾದಷ್ಟೂ ಜಾಸ್ತಿ ಕರೆಂಟು ಬಿಡುವ ಜಾತಿಯದ್ದು. ಹಾಗಾಗಿ ಯಾವ ಕಾರಣಕ್ಕೆ ಕರೆಂಟು ಜಾಸ್ತಿ ಹರಿದರೂ ಪಾಪ, ಮುಳ್ಳಿಗೆ ಅದು ಬಿಸಿಯೇ. ಮಳೆಗಾಲದಲ್ಲಿ ಹಗಲಲ್ಲೂ ಲೈಟು, ವೈಪರು. ಅದಕ್ಕೇ ಜೂನಿನ ಜ್ವರ.

"ಮತ್ತೆ ಏನೆಲ್ಲ ಹಾಕಿದ್ರಿ?" ಅಂತ ಕೇಳಿದ. ಹೀಟರಿನ ಫ್ಯಾನ್ ಅಂದೆ. ಅದೂ ಕರೆಂಟಲ್ಲವಾ! ಇಡ್ಲಿ ಅಟ್ಟದ ಕಥೆ ಕೇಳಿ ನಗುವಾಗ ಎಲೆಯಡಿಕೆ ನೆತ್ತಿಗೇರಿ ಕೆಮ್ಮಿದ. ಸ್ಯಾಂಡ್‌ಪೇಪರಲ್ಲಿ ಉಜ್ಜಿ, ಬಿಗಿದು, ವ್ಯಾಸಲಿನ್ ಹಚ್ಚಿದ. ನೂರು ರೂಪಾಯಿ.

ಮೊನ್ನೆ ಮತ್ತೆ ಜಡಿಮಳೆಗೆ ಹೊರಟೆವು. ಲೈಟು, ವೈಪರು, ಇಂಡಿಕೇಟರ್ ಎಲ್ಲ ಹಾಕಿದೆ. ಮುಳ್ಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸೀತಾಂಗೋಳಿ ದಾಟುವ ತನಕ ಹೆಂಡತಿ ಅದನ್ನೇ ನೋಡುತ್ತಿದ್ದಳು.

"ಅಲ್ಲ ಮಾರಾಯ್ರೇ, ಇದು ಹಾಳಾಗಿಲ್ಲ ತಾನೇ?"

ಹೌದಾ ಅಂತ ನಾನೂ ಗಾಜಿಗೆ ಒಮ್ಮೆ ಬೆರಳಲ್ಲಿ ತಟ್ಟಿ ನೋಡಿದೆ.