ಫಿರಂಗಿ ಗುಡ್ಡದಿಂದ ಕಡಲು

ಮುಂಬೈಯವರಿಗೆ ಸಮುದ್ರ ಎಂದರೆ ಕೆಲಸ ಮುಗಿಸಿ ಹೋಗಿ ಕೂರುವ ಕಟ್ಟೆ. ಮರೀನ್ ಡ್ರೈವಿನಲ್ಲಿ ನೀರಿಗೆ ಮುಖ ಮಾಡಿ ಕೂತರೂ ಕಣ್ಣು ಕಡಲೆಕಾಯಿ ಪೊಟ್ಟಣದ ಮೇಲೆ. ಸಮುದ್ರವನ್ನು ಸರಿಯಾಗಿ ನೋಡಬೇಕು ಅಂದ್ರೆ ಗುಡ್ಡ ಹತ್ತಬೇಕು. ಇದನ್ನು ಹೇಳಿದರೆ ಕುಂದಾಪುರದಿಂದ ಬಂದ ನೆಂಟರು ನಗುತ್ತಾರೆ. "ಮುಂಬೈಯಲ್ಲಿ ಎಂಥ ಗುಡ್ಡ ಮಾರಾಯ್ರೆ?" ಕೊಡಚಾದ್ರಿ ಹತ್ತಿದವರು, ನಗಲಿ. ಅಂಥವರನ್ನು ಘಾರಾಪುರಿಗೆ ಕರೆದೊಯ್ಯುತ್ತೇನೆ.

ಅದೇ, ಶಿವನ ಗುಹೆಗಳಿರುವ ಎಲಿಫೆಂಟಾ ದ್ವೀಪ. ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚಿನಲ್ಲಿ ಒಂದು ಗಂಟೆ. ಸೋಮವಾರ ಮಾತ್ರ ಹೋಗಬೇಡಿ. ತನ್ನ ವಾರದಂದೇ ಈ ಶಿವನಿಗೆ ರಜೆ! ಮೆಟ್ಟಿಲಿನ ಎರಡೂ ಬದಿ ಟೋಪಿ, ಸರ, ಉಪ್ಪುಖಾರ ಹಚ್ಚಿದ ಮಾವಿನಕಾಯಿ. ಜನ ಹೆಚ್ಚಾಗಿ ಗುಹೆಯ ಮೂರು ಮುಖದ ಸದಾಶಿವನನ್ನು ನೋಡಿ ಇಳಿದುಬಿಡುತ್ತಾರೆ. ಆದರೆ ದಾರಿ ಇನ್ನೂ ಮೇಲಕ್ಕಿದೆ. ಅದನ್ನು ಚಾರಣ ಅನ್ನಲು ನನಗೂ ಸಂಕೋಚವೇ. ಗುಡ್ಡ ಸುಮಾರು 150 ಮೀಟರ್ ಅಷ್ಟೇ. ಆದರೂ ಇಲ್ಲಿನ ಸೆಕೆಗೆ ಕೊಡಚಾದ್ರಿಯವರೂ ಕೂತು ಬೆವರು ಒರೆಸುತ್ತಾರೆ. ಕೈಯಲ್ಲಿ ತಿಂಡಿ ಇದ್ದರೆ ಕೋತಿಗಳ ಚೆಕಿಂಗ್ ಬೇರೆ.

ತುದಿಯಲ್ಲಿ ಎರಡು ಹಳೆಯ ಫಿರಂಗಿ. ಅಲ್ಲಿಂದ ಕಾಣುವುದು ಕ್ಯಾಲೆಂಡರಿನ ಕಡಲಲ್ಲ. ಒಂದು ಕಡೆ ನ್ಹಾವಾ ಶೇವಾ ಬಂದರಿನ ಕ್ರೇನುಗಳು, ಇನ್ನೊಂದು ಕಡೆ ಬುಚರ್ ಐಲೆಂಡಿನ ಎಣ್ಣೆ ಟ್ಯಾಂಕುಗಳು. ಉತ್ತರಕ್ಕೆ, ಮಬ್ಬು ಇಲ್ಲದ ದಿನ, 2024ರಲ್ಲಿ ತೆರೆದ ಅಟಲ್ ಸೇತು. ನಡುವೆ ಲಂಗರು ಹಾಕಿ ಸರದಿ ಕಾಯುವ ಹಡಗುಗಳು. ಮುಂಬೈಯಲ್ಲಿ ಹಡಗಿಗೂ ಕ್ಯೂ ತಪ್ಪಿದ್ದಲ್ಲ. ಇದನ್ನು ಚೆಂದ ಅನ್ನಬಹುದಾ ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗಂತೂ ಸುಮ್ನೆ ಬಿದ್ದಿರುವ ಸಮುದ್ರಕ್ಕಿಂತ ದುಡಿಯುವ ಸಮುದ್ರವೇ ಜಾಸ್ತಿ ಇಷ್ಟ. ಈ ಊರಿಗೆ ನಾವು ಬಂದದ್ದೂ ದುಡಿಯೋಕೇ ಅಲ್ವಾ?

ಹಾಗೆ ನೋಡಿದರೆ ನಮಗಿಂತ ಮುಂಚೆ ಬಂದವರಿದ್ದಾರೆ. ಇಮ್ಮಡಿ ಪುಲಕೇಶಿ ಮದಗಜಗಳಂಥ ನೂರಾರು ಹಡಗು ಕಟ್ಟಿಕೊಂಡು ಪಡುಗಡಲಿನ ಪುರಿ ಎಂಬ ಪಟ್ಟಣಕ್ಕೆ ಮುತ್ತಿದ ಅಂತ 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿ ಹೇಳುತ್ತಾನೆ. ಆ ಪುರಿ ಈ ಘಾರಾಪುರಿಯೇ ಎನ್ನುವ ವಿದ್ವಾಂಸರಿದ್ದಾರೆ. ಒಪ್ಪದವರೂ ಇದ್ದಾರೆ. ಗುಡ್ಡದ ಮೇಲೆ ನಿಂತು ನೆಂಟರಿಗೆ ಕಥೆ ಹೇಳುವಾಗ ಒಪ್ಪದವರ ಸುದ್ದಿಯನ್ನು ನಾನು ಎತ್ತುವುದಿಲ್ಲ.

ಹೋದ ಸಲ ಭಾವ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ, "ಹಾಗಾದ್ರೆ ಇದು ನಮ್ಮವರೇ ಗೆದ್ದ ಜಾಗ. ಮತ್ತೆ ನೀವು ಟಿಕೆಟ್ ಎಂತಕ್ಕೆ ತಗೊಂಡದ್ದು?" ಎಂದರು.