ಕೀಲಿಯಿಂದ ಕೆರೆದರೆ ಗಾರೆ ಉದುರದೆ ಇನ್ನೇನಾಗುತ್ತದೆ?

ನಾವು ಕೆಲವರು ಸಂಬಳವಿಲ್ಲದೆ ದುರಸ್ತಿ ಮಾಡುತ್ತಿರುವ ಹಳೆಯ ಕಲ್ಲುಗೋಡೆಯ ಸಂದಿಯನ್ನು ಕಾರಿನ ಕೀಲಿಯಿಂದ ಕೆರೆದರು. ಅಷ್ಟು ಜನರ ಎದುರಿಗೆ. "ನೋಡಿ, ಉದುರ್ತಾ ಇದೆ" ಎಂದರು. ಉದುರದೆ ಇನ್ನೇನಾಗುತ್ತದೆ? ಅದು ಸುಣ್ಣದ ಗಾರೆ. ತುಂಬಿ ಇನ್ನೂ ಒಂದು ವಾರವೂ ಆಗಿಲ್ಲ.

ಬಿಟ್ಟುಬಿಡು, ಇದೆಲ್ಲಾ ಇದ್ದದ್ದೇ ಎಂದು ಜೊತೆಯವರು ಹೇಳುತ್ತಿದ್ದಾರೆ. ನನಗೆ ಬಿಡಲು ಆಗುತ್ತಿಲ್ಲ.

ಪಶ್ಚಿಮದ ಗೋಡೆ ಅದು. ಮಳೆ ನೇರವಾಗಿ ಬಡಿಯುವ ಕಡೆ. ಹಿಂದೆ ಯಾರೋ ಸಂದಿಗಳಿಗೆ ಸಿಮೆಂಟ್ ಮೆತ್ತಿ ಹೋಗಿದ್ದರು. ಅದನ್ನು ಸಣ್ಣ ಉಳಿ ಹಿಡಿದು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದೆವು. ಯಂತ್ರ ಮುಟ್ಟಲಿಲ್ಲ. ಯಂತ್ರ ಒಮ್ಮೆ ಜಾರಿದರೆ ಕಲ್ಲಿನ ಅಂಚು ಹೋಗುತ್ತದೆ, ಹೋದ ಅಂಚು ಮತ್ತೆ ಬರುವುದಿಲ್ಲ. ಸಂದಿ ತೊಳೆದೆವು, ಗಾರೆ ಒತ್ತಿದೆವು, ಬೇಗ ಒಣಗಿ ಬಿರುಕು ಬಿಡಬಾರದು ಎಂದು ಒದ್ದೆ ಗೋಣಿ ಹೊದಿಸಿದೆವು. ಕೈಗವಸು ಹಾಕಿದ್ದರೂ ಸುಣ್ಣ ತಾಗಿ ನನ್ನ ಬೆರಳ ತುದಿ ಸುಲಿದಿದೆ. ಅದನ್ನು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆದರೆ ಯಾಕೆ ಹೇಳಬಾರದು? ಹೇಳುತ್ತೇನೆ.

ಅವರು ಬಂದರು. ಯಾರು ಎಂದು ಹೇಳುವುದಿಲ್ಲ, ದೊಡ್ಡವರು ಅಂದುಕೊಳ್ಳಿ. ಹಿಂದೆ ಕ್ಯಾಮೆರಾ, ಅದರ ಹಿಂದೆ ಪ್ರವಾಸಿಗರ ಗುಂಪು. ಗೋಣಿಯ ತುದಿ ಎತ್ತಿದರು. ಜೇಬಿಗೆ ಕೈ ಹಾಕಿದರು. ನಾನು "ಬೇಡ ಸಾರ್" ಎನ್ನುವಷ್ಟರಲ್ಲಿ ಕೀಲಿಯನ್ನು ಸಂದಿಗೆ ಇಟ್ಟು ಎಳೆದೇಬಿಟ್ಟರು. ಉದ್ದಕ್ಕೆ ಒಂದು ಗೆರೆ. ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಸುತ್ತ ತೋರಿಸಿದರು. "ಬಿಟ್ಟಿ ಕೆಲಸ ಅಂದ್ರೆ ಇಷ್ಟೇ" ಎಂದರು. ಜನ ನಕ್ಕರು. ಒಂದು ಮಗು ತಾನೂ ಕೆರೆಯಲು ಬೆರಳು ಚಾಚಿತು. ಯಾರೂ ತಡೆಯಲಿಲ್ಲ.

"ಇದು ಗಟ್ಟಿಯಾಗಲು ಸಮಯ ಬೇಕು ಸಾರ್" ಎಂದೆ.

"ನೀವು ಇಂಜಿನಿಯರ್ರಾ?"

"ಅಲ್ಲ."

"ಮತ್ತೆ?"

ಆ "ಮತ್ತೆ" ಇದೆಯಲ್ಲ, ಅದಕ್ಕೆ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅಷ್ಟರಲ್ಲಿ ನಮ್ಮದೇ ಮೇಲ್ವಿಚಾರಕರು ಮುಂದೆ ಬಂದರು. ನನ್ನ ಪರ ಮಾತಾಡುತ್ತಾರೆ ಅಂದುಕೊಂಡೆ. "ಕ್ಷಮಿಸಿ ಸಾರ್, ಇವರೆಲ್ಲಾ ಹೊಸಬರು, ಸರಿ ಮಾಡಿಸ್ತೀವಿ" ಎಂದರು. ಏನನ್ನು ಸರಿ ಮಾಡಿಸುವುದು? ಗಾರೆ ಕಲ್ಲಿಗಿಂತ ಮೆತ್ತಗಿರಬೇಕು ಎಂದು ನಮಗೆ ಕಲಿಸಿದ್ದೇ ಅವರು! ಸುಣ್ಣಕ್ಕೆ ಎಷ್ಟು ಮರಳು ಎಂದು ಅಳೆದು ಕೊಟ್ಟದ್ದೇ ಅವರು! ಕೀಲಿಗಿಂತ ಜಾಸ್ತಿ ನನ್ನನ್ನು ಕೆರೆದದ್ದು ಆ ಕ್ಷಮೆ.

ಯಾರೂ ಅಲ್ಲಿ ಹೇಳಲು ಬಿಡಲಿಲ್ಲ, ಇಲ್ಲಿ ಹೇಳುತ್ತೇನೆ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಹೊರಗಿನಿಂದ ಒಳಕ್ಕೆ, ನಿಧಾನವಾಗಿ, ತಿಂಗಳುಗಟ್ಟಲೆ. ಗಟ್ಟಿಯಾದ ಮೇಲೂ ಅದು ಕಲ್ಲಿಗಿಂತ ಮೆತ್ತಗೇ ಇರಬೇಕು. ಗೋಡೆ ಕೊಂಚ ಅಲುಗಿದರೆ ಬಿರುಕು ಗಾರೆಯಲ್ಲಿ ಬೀಳಲಿ, ಕಲ್ಲಿನಲ್ಲಿ ಬೇಡ ಎಂದು. ಒಳಗಿನ ತೇವ ಸಂದಿಯ ಮೂಲಕ ಹೊರಗೆ ಹೋಗಲಿ ಎಂದು. ಸಿಮೆಂಟ್ ಹಾಕಿದರೆ ಆ ದಾರಿ ಮುಚ್ಚುತ್ತದೆ. ತೇವ ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ. ಅದರ ಜೊತೆ ಬಂದ ಉಪ್ಪು ಕಲ್ಲಿನ ಮೈಯಲ್ಲಿ ಹರಳುಗಟ್ಟಿ ಪದರ ಪದರವಾಗಿ ಎಬ್ಬಿಸುತ್ತದೆ. ಕೊನೆಗೆ ಸಿಮೆಂಟ್ ಮಾತ್ರ ನಿಂತಿರುತ್ತದೆ, ಅದರ ನಡುವಿನ ಕಲ್ಲು ಸವೆದು ಗುಳಿಬಿದ್ದಿರುತ್ತದೆ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಅದೇ ಗೋಡೆಯಲ್ಲಿ ಸಿಮೆಂಟ್ ಬಿಡಿಸುವಾಗ ಕಣ್ಣಾರೆ ಕಂಡದ್ದು.

ಇಂಜಿನಿಯರ್ ಅಂತೆ. ಗ್ರೀಸಿನ ಅಥೆನ್ಸಿನಲ್ಲಿ ಹಳೆಯ ದೇಗುಲಗಳಿರುವ ಗುಡ್ಡ ಆಕ್ರೊಪೊಲಿಸ್‌ನಲ್ಲಿ 20ನೇ ಶತಮಾನದ ಮೊದಲ ದಶಕಗಳಲ್ಲಿ ದುರಸ್ತಿ ಮಾಡಿಸಿದ ನಿಕೊಲಾವೊಸ್ ಬಲಾನೊಸ್ ಇಂಜಿನಿಯರ್ರೇ ಆಗಿದ್ದರು. ಕಲ್ಲುಗಳನ್ನು ಕಬ್ಬಿಣದ ಕೊಂಡಿಗಳಿಂದ ಬಿಗಿಸಿದರು. ಹಳೆಯ ಗ್ರೀಕರೂ ಕಬ್ಬಿಣವನ್ನೇ ಬಳಸಿದ್ದರು, ಆದರೆ ಸುತ್ತ ಸೀಸ ಎರೆದಿದ್ದರು. ಇವರ ಕೊಂಡಿಗಳಿಗೆ ಆ ರಕ್ಷಣೆ ಇರಲಿಲ್ಲ. ತುಕ್ಕು ಹಿಡಿದು ಉಬ್ಬಿದವು, ಅಮೃತಶಿಲೆ ಸೀಳಿತು. 1975ರಲ್ಲಿ ಒಂದು ಸಮಿತಿ ಮಾಡಿ, ಆ ಕಬ್ಬಿಣ ಕಿತ್ತು ಟೈಟಾನಿಯಂ ಹಾಕುವ ಕೆಲಸಕ್ಕೆ ಇಳಿಯಬೇಕಾಯಿತು. ಗಟ್ಟಿ ಎಂದು ಹಾಕಿದ್ದೇ ಕಲ್ಲನ್ನು ಒಡೆಯಿತು, ಅಲ್ವಾ?

ಹೋಗುವ ಮುಂಚೆ ಆ ದೊಡ್ಡವರದ್ದು ಇನ್ನೊಂದು ಮಾತು. "ಮೇಲೆ ಯಾಕೆ ಅರ್ಧಕ್ಕೆ ಬಿಟ್ಟಿದ್ದೀರಿ?" ಅಲ್ಲಿ ಮೊದಲು ಏನಿತ್ತು ಎನ್ನುವುದಕ್ಕೆ ಒಂದು ಚಿತ್ರವೂ ಇಲ್ಲ, ದಾಖಲೆಯೂ ಇಲ್ಲ, ಅದಕ್ಕೇ ಬಿಟ್ಟಿದ್ದೇವೆ! ಊಹೆ ಶುರುವಾಗುವ ಕಡೆ ಕೆಲಸ ನಿಲ್ಲಬೇಕು ಎಂದು ಹಳೆಯ ಸ್ಮಾರಕಗಳನ್ನು ಹೇಗೆ ಉಳಿಸಬೇಕು ಎಂದು ತಿಳಿಸುವ 1964ರ ವೆನಿಸ್ ಸನ್ನದು ಹೇಳುತ್ತದೆ. ನಾವು ಮನಸ್ಸಿಗೆ ಬಂದ ಹಾಗೆ ಕಟ್ಟಿ ಮುಗಿಸಿದ್ದರೆ ಬೆನ್ನು ತಟ್ಟುತ್ತಿದ್ದರೇನೋ.

ಹೋಗಲಿ ಬಿಡಿ. ಗೋಡೆ ಅವರದ್ದು, ಸಹಿ ಅವರದ್ದು. ಸಂಬಳ ಇಲ್ಲದವರ ಮಾತಿಗೆ ಬೆಲೆ ಇರುವುದಿಲ್ಲ, ಎಲ್ಲಾ ಕಡೆಯೂ ಹೀಗೇ. ನನ್ನ ಗೆಳತಿ ಬೆಟ್ಟದ ಕಾಲುದಾರಿಯಲ್ಲಿ ಕಲ್ಲು ಅಡ್ಡ ಹೂತು ಮಳೆನೀರನ್ನು ಪಕ್ಕಕ್ಕೆ ತಿರುಗಿಸಿದ್ದಳು, ದಾರಿ ಕೊರೆದುಹೋಗದಿರಲಿ ಎಂದು. ನಡೆಯಲು ತೊಂದರೆ ಎಂದು ಯಾರೋ ಎಲ್ಲಾ ಕಿತ್ತು ಎಸೆದಿದ್ದಾರೆ. ಅವಳು ಈಗ ಅತ್ತ ಹೋಗುವುದನ್ನೇ ಬಿಟ್ಟಿದ್ದಾಳೆ.

ಇಲ್ಲ, ಯಾಕೆ ಹೋಗಲಿ? 1966ರ ನವೆಂಬರ್‌ನಲ್ಲಿ ಆರ್ನೊ ನದಿ ಉಕ್ಕಿ ಇಟಲಿಯ ಫ್ಲಾರೆನ್ಸ್ ನಗರ ಮುಳುಗಿತು. ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬಂದು ಸಾಲು ನಿಂತರು. ರಾಷ್ಟ್ರೀಯ ಗ್ರಂಥಾಲಯದ ಕೆಸರಿನಿಂದ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿದರು. ಅದೂ ಬಿಟ್ಟಿ ಕೆಲಸವೇ. ಇವತ್ತಿಗೂ ಆ ಊರು ಅವರನ್ನು ನೆನೆಯುತ್ತದೆ. ನಮಗೆ ನೆನಪು, ಹೊಗಳಿಕೆ ಏನೂ ಬೇಡ. ಗೋಣಿ ಎತ್ತುವ ಮುಂಚೆ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಈಗ ಗೋಡೆಯ ಬುಡದಲ್ಲಿ ಸಿಮೆಂಟ್ ಚೀಲಗಳು ಬಂದಿವೆ. ಸೋಮವಾರ ಶುರುವಂತೆ. ಇದಕ್ಕೆ ಒಪ್ಪಿಗೆ ಕೊಟ್ಟವರು ಯಾರು? ಸುಣ್ಣ ಮಾತ್ರ ಎಂದು ಬರೆದಿರುವ ಕಾಗದ ಇದೆ, ಅದರ ಮೇಲೆ ಸಹಿಗಳೂ ಇವೆ. ಸಹಿ ಹಾಕಿದವರಲ್ಲಿ ಯಾರಾದರೂ ಒಬ್ಬರು ಬಾಯಿ ಬಿಡಿ. ಮೇಲ್ವಿಚಾರಕರಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಇದನ್ನು ಓದುತ್ತಿರುವವರಲ್ಲಿ ಇಂಥ ಕೆಲಸ ತಡೆದ ಅನುಭವ ಇರುವವರು ಇದ್ದರೆ, ಯಾರಿಗೆ ಬರೆಯಬೇಕು, ಏನೆಂದು ಬರೆಯಬೇಕು, ದಯವಿಟ್ಟು ಹೇಳಿ.

ನಾನಂತೂ ಇನ್ನು ಆ ಕಡೆ ಹೋಗುವುದಿಲ್ಲ ಎಂದು ಸಂಜೆ ಎಲ್ಲರಿಗೂ ಹೇಳಿಬಿಟ್ಟೆ. ಆದರೆ ಗೋಣಿಗೆ ನಾಳೆ ಬೆಳಗ್ಗೆ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಉಳಿದ ಗಾರೆಯೂ ಬಿರುಕು ಬಿಡುತ್ತದೆ. ಬೇರೆ ಯಾರೂ ಮಾಡುವುದಿಲ್ಲ. ಹೋಗಲೇಬೇಕು.