ಕಾರ್ಬನ್ ಹೋಗಿದೆ ಮೇಡಂ

ಏನೂ ತಿಳಿಯದ ಪೆದ್ದನನ್ನು ಇಂಗ್ಲಿಷಿನಲ್ಲಿ ‘ಇಗ್ನೊರೇಮಸ್’ ಅಂತ ಬೈಯುತ್ತಾರೆ. ಕೇಳೋಕೆ ಯಾವುದೋ ಡೈನೋಸಾರ್ ಹೆಸರಿನ ಹಾಗಿದೆ. ಆದರೆ ಹುಟ್ಟಿನಲ್ಲಿ ಅದು ಲ್ಯಾಟಿನ್ನಿನ ಕ್ರಿಯಾಪದ. ‘ನಮಗೆ ಗೊತ್ತಿಲ್ಲ’ ಅನ್ನುವ ಇಡೀ ವಾಕ್ಯ ಆ ಒಂದೇ ಪದದಲ್ಲಿದೆ.

ಹಳೆಯ ಇಂಗ್ಲೆಂಡಿನಲ್ಲಿ ಕೇಸು ನಡೆಸುವ ಮೊದಲು ಆರೋಪಪಟ್ಟಿ ಗ್ರ್ಯಾಂಡ್ ಜ್ಯೂರಿಯ, ಅಂದರೆ ಕೇಸು ನಡೆಸಬೇಕೋ ಬೇಡವೋ ಅಂತ ಹೇಳುವ ಊರಿನವರ ಮಂಡಳಿಯ, ಮುಂದೆ ಬರುತ್ತಿತ್ತು. ಸಾಕ್ಷ್ಯ ಸಾಲದು ಅನ್ನಿಸಿದರೆ ಜ್ಯೂರಿಯವರು ಕಾಗದ ತಿರುಗಿಸಿ ಹಿಂಬದಿಯಲ್ಲಿ ಇದೊಂದು ಪದ ಬರೆಯುತ್ತಿದ್ದರು. ಕೇಸು ಅಲ್ಲಿಗೇ ನಿಲ್ಲುತ್ತಿತ್ತು. ಎಷ್ಟು ಮರ್ಯಾದಸ್ಥ ಪದ, ಅಲ್ವಾ?

ಅದರ ಮಾನ ಕಳೆದವರು ಜಾರ್ಜ್ ರಗಲ್ ಎಂಬ ಕೇಂಬ್ರಿಡ್ಜಿನ ಮೇಷ್ಟ್ರು. 1615ರಲ್ಲಿ ರಾಜ ಒಂದನೇ ಜೇಮ್ಸ್ ಅಲ್ಲಿಗೆ ಬಂದಾಗ ಇವರು ಬರೆದ ಲ್ಯಾಟಿನ್ ಪ್ರಹಸನ ಆಡಿದರು. ಅದರಲ್ಲಿ ಇಗ್ನೊರೇಮಸ್ ಅನ್ನುವುದು ಒಬ್ಬ ವಕೀಲನ ಹೆಸರು. ಬಾಯಿ ಬಿಟ್ಟರೆ ಕಲಬೆರಕೆ ಲ್ಯಾಟಿನ್, ತಲೆ ಖಾಲಿ. ರಾಜರಿಗೆ ಅದೆಷ್ಟು ಹಿಡಿಸಿತೆಂದರೆ ಅದೇ ವರ್ಷ ಮತ್ತೆ ಬಂದು ಇನ್ನೊಮ್ಮೆ ನೋಡಿದರು. ವಕೀಲರು ಉರಿದುಕೊಂಡರು. ಪದ ಬೈಗುಳವಾಗಿ ಉಳಿಯಿತು.

ಕಷ್ಟ ಏನಂದ್ರೆ, ಆ ಜ್ಯೂರಿಯಂಥವರು ನಮಗೆ ಸಿಗುವುದಿಲ್ಲ. ನಮ್ಮ ಮಿಕ್ಸಿ ರಿಪೇರಿಯವನ ಬಾಯಲ್ಲಿ ‘ಗೊತ್ತಿಲ್ಲ’ ಅನ್ನುವ ಮಾತೇ ಹುಟ್ಟುವುದಿಲ್ಲ. ಮೊನ್ನೆ ಉದ್ದು ರುಬ್ಬುವಾಗ ಮಿಕ್ಸಿ ಗಕ್ಕಂತ ನಿಂತಿತು. ಮುಟ್ಟುವ ಮೊದಲೇ ‘ಕಾರ್ಬನ್ ಹೋಗಿದೆ ಮೇಡಂ’ ಅಂದ. ಬಿಚ್ಚಿದ ಮೇಲೆ ‘ವೈಂಡಿಂಗ್ ಸುಟ್ಟಿದೆ’. ಇನ್ನೂ ಸ್ವಲ್ಪ ಹೊತ್ತಿಗೆ ‘ನಿಮ್ಮನೆ ಕರೆಂಟೇ ಸರಿ ಇಲ್ಲ’. ಜೊತೆಗೆ ಬಂದಿದ್ದ ಹುಡುಗ ಮೂರಕ್ಕೂ ತಲೆಯಾಡಿಸಿದ. ಎಲ್ಲಾ ವಾಪಸ್ ಜೋಡಿಸಿದಾಗ ಎರಡು ಸ್ಕ್ರೂ ನೆಲದ ಮೇಲೇ ಉಳಿದಿದ್ದವು. ‘ಅವು ಎಕ್ಸ್‌ಟ್ರಾ ಮೇಡಂ, ಕಂಪನಿಯವರು ಸುಮ್ನೆ ಹಾಕಿರ್ತಾರೆ.’

ಮಿಕ್ಸಿಯ ಅಡಿಯಲ್ಲಿರುವ ಕೆಂಪು ಬಟನ್ ಒತ್ತಿದ್ದರೆ ಸಾಕಿತ್ತು ಅಂತ ಪಕ್ಕದ ಮನೆಯಾಕೆ ಹೇಳುವಷ್ಟರಲ್ಲಿ ಅವರಿಬ್ಬರೂ ದುಡ್ಡು ಇಸ್ಕೊಂಡು ಹೋಗಿಯಾಗಿತ್ತು. ಈಗ ಒತ್ತಿದರೆ ಬಟನ್ ಒಳಗೇ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಸಂಜೆ ಕಥೆ ಕೇಳಿದ ಯಜಮಾನರು ಹಲ್ಲು ಕಡಿದರು. ‘ಇಬ್ಬರೂ ಇಗ್ನೊರೇಮೈ!’ ಲ್ಯಾಟಿನ್ ಪದಕ್ಕೆ ಲ್ಯಾಟಿನ್ ಬಹುವಚನ ಅಂತ ಅವರ ಲೆಕ್ಕ.

‘ಅದು ಕ್ರಿಯಾಪದ ರೀ, ಅದಕ್ಕೆ ಮೈ ಗಿಯ್ ಏನೂ ಬರಲ್ಲ. “ನಾವು” ಅನ್ನೋದು ಮೊದಲೇ ಒಳಗಿದೆ’ ಅಂದೆ.

ಅರ್ಧ ರುಬ್ಬಿದ ಉದ್ದನ್ನು ಒರಳಿಗೆ ಸುರಿಯುತ್ತಿದ್ದ ಅತ್ತೆ ಮಗನ ಕಡೆ ತಿರುಗಿದರು.

‘ನಾವು ಅಂದ್ರೆ ನೀನೂ ಸೇರಿದ ಹಾಗಾಯ್ತಲ್ಲೋ? ಬಾ, ಈ ರುಬ್ಬುಗುಂಡು ಹಿಡಿ.’